ಪ್ಲಗ್ ಬಿಚ್ಚಿದಲ್ಲಿಂದ ಶುರು ಮಾಡಿ

ಚಿಕ್ಕಬಳ್ಳಾಪುರದ ಗೆಳೆಯರೇ,

ನಿಮ್ಮ ‘ಅಂತರ್ದಹನ ಯಂತ್ರ ಮತ್ತು ನಿಷ್ಕಾಸ ಅನಿಲಗಳು’ ಲೇಖನವನ್ನು ಎರಡು ಸಲ ಓದಿದೆ. ಈಗ ಇರುವ ಹಾಗೆ ನಮ್ಮ ಪತ್ರಿಕೆಯಲ್ಲಿ ಹಾಕಲು ಆಗುವುದಿಲ್ಲ. ಆದರೆ ಸುಮ್ನೆ ವಾಪಸ್ ಕಳಿಸಲೂ ಮನಸ್ಸು ಬರಲಿಲ್ಲ. ಕಾರಣ, ನಿಮ್ಮ ಐದನೇ ಪುಟ.

ಅಲ್ಲಿ ನಿಮ್ಮ ಸೋದರಮಾವ ಬರುತ್ತಾರೆ. ಗ್ಯಾರೇಜಿಗೆ ಒಂದು ಹಳೇ ಕಾರು ಬಂದಿದೆ, ಪೆಟ್ರೋಲಿಗೆ ಗಾಳಿ ಬೆರೆಸಲು ಕಾರ್ಬ್ಯುರೇಟರ್ ಇರುವಂಥದ್ದು. ಮೈಲೇಜ್ ಇಲ್ಲ ಅಂತ ದೂರು. ಮಾವ ಎಂಜಿನ್ನಿನಲ್ಲಿ ಕಿಡಿ ಹೊತ್ತಿಸುವ ಪ್ಲಗ್ ಬಿಚ್ಚಿ ಬಿಸಿಲಿಗೆ ಹಿಡಿಯುತ್ತಾರೆ. ತುದಿಗೆ ಹತ್ತಿದ ಕಪ್ಪು ಮಸಿಯನ್ನು ಉಗುರಲ್ಲಿ ಕೆರೆದು, “ಗಾಳಿ ಸಾಲ್ತಿಲ್ಲ” ಅನ್ನುತ್ತಾರೆ. ಏರ್ ಫಿಲ್ಟರ್ ತೆಗೆದು ಕುಟ್ಟಿದರೆ ಕ್ರಷರ್ ರಸ್ತೆಯ ಧೂಳು ಒಂದು ಹಿಡಿ. ಇಷ್ಟನ್ನು ನಾಲ್ಕೇ ಸಾಲಲ್ಲಿ ಮುಗಿಸಿ ಮತ್ತೆ ‘ನಿಷ್ಕಾಸ ಅನಿಲ’ದ ಕಡೆ ಓಡಿಬಿಟ್ಟಿದ್ದೀರಿ. ಆ ಪದ ಹತ್ತೊಂಬತ್ತು ಸಲ ಬಂದಿದೆ, ಎಣಿಸಿದೆ. ಮಾವ ಅದನ್ನು ಹೊಗೆ ಅಂತಲೇ ಕರೆಯುತ್ತಾರೆ ಅಲ್ವಾ? ನೀವೂ ಹಾಗೇ ಬರೆಯಿರಿ.

ನಿಮ್ಮ ಲೇಖನ ಇರುವುದೇ ಆ ಮಸಿಯಲ್ಲಿ. ಪೆಟ್ರೋಲ್ ಅಂದರೆ ಬಹುಪಾಲು ಇಂಗಾಲ ಮತ್ತು ಹೈಡ್ರೋಜನ್. ಗಾಳಿ ಸಾಕಷ್ಟು ಸಿಕ್ಕರೆ ಇಂಗಾಲ ಪೂರ್ತಿ ಉರಿದು ಕಾರ್ಬನ್ ಡೈಆಕ್ಸೈಡ್ ಆಗುತ್ತದೆ. ಸಾಲದೇ ಹೋದರೆ ಸ್ವಲ್ಪ ಅರ್ಧಕ್ಕೇ ನಿಂತು ಕಾರ್ಬನ್ ಮೊನಾಕ್ಸೈಡ್ ಆಗುತ್ತದೆ, ಸ್ವಲ್ಪ ಮಸಿಯಾಗಿ ಪ್ಲಗ್ಗಿಗೆ ಅಂಟುತ್ತದೆ. ಸರಿಯಾಗಿ ಉರಿಯುವ ಎಂಜಿನ್ನಿನ ಪ್ಲಗ್ ತಿಳಿ ಕಾಫಿ ಬಣ್ಣಕ್ಕಿರುತ್ತದೆ. ಒಂದು ಪುಟದ ರಸಾಯನಶಾಸ್ತ್ರವನ್ನು ಮಾವ ಒಂದು ನೋಟದಲ್ಲಿ ಓದಿದ್ದಾರೆ.

ಒಂದು ಕೆ.ಜಿ. ಪೆಟ್ರೋಲಿಗೆ 14.7 ಕೆ.ಜಿ. ಗಾಳಿ ಬೇಕು ಎಂದು ಬರೆದಿದ್ದೀರಿ. ಸರಿ. ಆದರೆ ಗಾಳಿಯನ್ನು ಕೆ.ಜಿ. ಲೆಕ್ಕದಲ್ಲಿ ಯಾರು ಕಂಡಿದ್ದಾರೆ? ಲೀಟರಿಗೆ ಇಳಿಸಿ. ಒಂದು ಲೀಟರ್ ಪೆಟ್ರೋಲ್ ಸುಮಾರು ಮುಕ್ಕಾಲು ಕೆ.ಜಿ. ತೂಗುತ್ತದೆ, ಅದಕ್ಕೆ ಹನ್ನೊಂದು ಕೆ.ಜಿ. ಗಾಳಿ, ಅಂದರೆ ಹತ್ತಿರ ಹತ್ತಿರ 9,000 ಲೀಟರ್. ಬೇಸಿಗೆಯಲ್ಲಿ ನಿಮ್ಮ ಬೀದಿಗೆ ಬರುವ ಟ್ರ್ಯಾಕ್ಟರ್ ಟ್ಯಾಂಕರ್ ನೆನೆಸಿಕೊಳ್ಳಿ. ಅಂಥ ಎರಡು ಟ್ಯಾಂಕರ್ ತುಂಬುವಷ್ಟು ಗಾಳಿ ಆ ಧೂಳು ಹಿಡಿದ ಫಿಲ್ಟರ್ ದಾಟಿ ಒಳಗೆ ಬರಬೇಕು. ಈಗ ಮಾವನ ಮಾತು ಓದುಗರಿಗೆ ತಾನಾಗಿ ಅರ್ಥವಾಗುತ್ತದೆ. ಹಾಂ, 14.7 ಶುದ್ಧ ಪೆಟ್ರೋಲಿನ ಲೆಕ್ಕ. 20 ಪರ್ಸೆಂಟ್ ಎಥನಾಲ್ ಬೆರೆಸಿದ್ದಕ್ಕೆ ಗಾಳಿ ಸ್ವಲ್ಪ ಕಡಿಮೆ ಸಾಕು. ಎಥನಾಲ್ ಒಳಗೇ ಆಕ್ಸಿಜನ್ ಇದೆ.

ಇನ್ನು ತಪ್ಪುಗಳು. ‘ಸಿಲಿಂಡರಿನಲ್ಲಿ ಪೆಟ್ರೋಲ್ ಸ್ಫೋಟಗೊಳ್ಳುತ್ತದೆ’ ಅಂದಿದ್ದೀರಿ. ಇಲ್ಲ, ಉರಿಯುತ್ತದೆ. ಪ್ಲಗ್ ಕಿಡಿ ಹೊತ್ತಿಸಿದ ಬೆಂಕಿ ಅಲ್ಲಿಂದ ಸುತ್ತಲೂ ಹರಡುತ್ತದೆ, ಬಹಳ ಬೇಗ ಹರಡುತ್ತದೆ ಅಷ್ಟೇ. ಬೆಂಕಿ ತಲುಪುವ ಮೊದಲೇ ಮೂಲೆಯ ಮಿಶ್ರಣ ತಾನಾಗಿ ಹೊತ್ತಿಕೊಂಡರೆ ಟಕಟಕ ಸದ್ದು ಬರುತ್ತದಲ್ಲ, ನಾಕಿಂಗ್, ಅದು ರೋಗ.

‘ಸೈಲೆನ್ಸರಿನಿಂದ ಬರುವುದೆಲ್ಲ ವಿಷ’ ಎಂಬ ಸಾಲನ್ನು ಹೊಡೆದುಹಾಕಿದ್ದೇನೆ. ಸುಮಾರು 70 ಪರ್ಸೆಂಟ್ ನೈಟ್ರೋಜನ್, ಹೇಗೆ ಒಳಗೆ ಹೋಯಿತೋ ಹಾಗೇ ಹೊರಗೆ ಬಂದದ್ದು. ಅದರಲ್ಲಿ ಚೂರು ಮಾತ್ರ ಎಂಜಿನ್ನಿನ ಕಾವಿಗೆ ಆಕ್ಸಿಜನ್ ಜೊತೆ ಕೂಡಿ ನೈಟ್ರೋಜನ್ ಆಕ್ಸೈಡ್ ಆಗಿ ಕಾಟ ಕೊಡುತ್ತದೆ. ಉಳಿದದ್ದರಲ್ಲಿ ಜಾಸ್ತಿ ಇರುವುದು ಕಾರ್ಬನ್ ಡೈಆಕ್ಸೈಡ್ ಮತ್ತು ನೀರಿನ ಆವಿ. ಹೌದು, ನೀರು! ಒಂದು ಲೀಟರ್ ಪೆಟ್ರೋಲ್ ಉರಿದರೆ ಹೆಚ್ಚುಕಡಿಮೆ ಒಂದು ಲೀಟರ್ ನೀರು ಹುಟ್ಟುತ್ತದೆ. ನಂದಿ ಬೆಟ್ಟದ ಕೆಳಗೆ ಜನವರಿ ಬೆಳಗ್ಗೆ ಕಾರು ಸ್ಟಾರ್ಟ್ ಮಾಡಿದಾಗ ಕಾಣುವ ಬಿಳಿ ಹೊಗೆ ಇದೇ. ನೀವು ಅದನ್ನು ‘ಎಂಜಿನ್ ಕೆಟ್ಟ ಲಕ್ಷಣ’ ಅಂದಿದ್ದೀರಿ. ಎಂಜಿನ್ ಬಿಸಿಯಾದ ಮೇಲೂ ನಿಲ್ಲದಿದ್ದರೆ, ರೇಡಿಯೇಟರ್ ನೀರೂ ಇಳಿಯುತ್ತಿದ್ದರೆ ಆಗ ಚಿಂತೆ ಮಾಡಿ. ನೀಲಿ ಹೊಗೆಯಾದರೆ ಆಯಿಲ್ ಉರಿಯುತ್ತಿದೆ.

ಲೀಟರ್ ಪೆಟ್ರೋಲಿಗೆ 2.3 ಕೆ.ಜಿ. ಕಾರ್ಬನ್ ಡೈಆಕ್ಸೈಡ್ ಅನ್ನುವುದು ಸರಿಯಾಗಿದೆ. ಆದರೆ ಮುಕ್ಕಾಲು ಕೆ.ಜಿ. ಉರಿಸಿದರೆ ಎರಡು ಕೆ.ಜಿ. ಮೀರಿ ಹೇಗೆ ಬಂತು ಅಂತ ಯಾರಾದರೂ ಕೇಳಿಯೇ ಕೇಳುತ್ತಾರೆ. ಅದರಲ್ಲಿ ಸುಮಾರು 1.7 ಕೆ.ಜಿ. ಗಾಳಿಯಿಂದ ಬಂದ ಆಕ್ಸಿಜನ್ ಅಂತ ಒಂದು ಸಾಲು ಸೇರಿಸಿ. ಹೊಗೆ ಹೊರಗೆ ಹೋಗುವ ದಾರಿಯಲ್ಲಿ ಕೂರಿಸಿರುವ ಕ್ಯಾಟಲಿಟಿಕ್ ಕನ್ವರ್ಟರ್ ಹೊಗೆಯನ್ನು ‘ಸೋಸುತ್ತದೆ’ ಅಂದಿದ್ದೀರಿ. ಅದು ಜರಡಿಯಲ್ಲ. ಒಳಗಿನ ಪ್ಲಾಟಿನಂ, ಪಲ್ಲಾಡಿಯಂ, ರೋಡಿಯಂ ಲೇಪನದ ಮೇಲೆ ಕೆಟ್ಟ ಅನಿಲಗಳು ಬೇರೆ ಅನಿಲಗಳಾಗಿ ಬದಲಾಗುತ್ತವೆ, ಅದೂ ಚೆನ್ನಾಗಿ ಕಾದ ಮೇಲೆ.

ಒಟ್ಟೋ ಮಹಾಶಯನ ಜೀವನಚರಿತ್ರೆ ಒಂದೂವರೆ ಪುಟ ಇದೆ. 1876ರಲ್ಲಿ ನಾಲ್ಕು ಸ್ಟ್ರೋಕ್ ಎಂಜಿನ್ ಮಾಡಿದ ಅಂದರೆ ಸಾಕು. ಉಳಿದ ಜಾಗದಲ್ಲಿ, ಷಟರ್ ಎಳೆದ ಗ್ಯಾರೇಜಲ್ಲಿ ಎಂಜಿನ್ ಯಾಕೆ ಓಡಿಸಬಾರದು ಅಂತ ಬರೆಯಿರಿ. ಮೊನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದಲ್ಲಿ ಆಕ್ಸಿಜನ್ ಕೂರುವ ಜಾಗವನ್ನು ಹಿಡಿದು ಕೂರುತ್ತದೆ. ಇಡೀ ಲೇಖನದಲ್ಲಿ ಇದು ಇಲ್ಲದ್ದು ನನಗೆ ನಿಜಕ್ಕೂ ಬೇಜಾರಾಯಿತು.

ಹನ್ನೊಂದು ಪುಟ ಬೇಡ, ನಾಲ್ಕು ಸಾಕು. ಇನ್ನೊಂದು ದಿನ ಮಾವನ ಗ್ಯಾರೇಜಲ್ಲಿ ಕೂತು ಬನ್ನಿ. ಆ ಪ್ಲಗ್ ಇನ್ನೂ ಇದ್ದರೆ ಒಂದು ಫೋಟೋ ಕಳಿಸಿ. ಒರೆಸಬೇಡಿ.