ಹಳೆಯ ಫ್ಲಾಟ್ ಕೊಳ್ಳುವ ಮುಂಚೆ ಕೆಳಗಿನ ಮನೆಯ ಬಚ್ಚಲು ನೋಡಿ

ತೀರ್ಥಹಳ್ಳಿ ಕಡೆಯ ಸ್ನೇಹಿತರೇ, ನೀವು ಈ ಗುಂಪಿನಲ್ಲಿ "ಅಪ್ಪ ಅಮ್ಮನಿಗಾಗಿ ಶಿವಮೊಗ್ಗದ ದುರ್ಗಿಗುಡಿ ಹತ್ತಿರ ಇಪ್ಪತ್ತು ವರ್ಷ ಹಳೆಯ ಫ್ಲಾಟ್ ನೋಡಿದ್ದೇನೆ, ಮೂರನೆಯ ಮಹಡಿ, ಅದರ ಮೇಲೆ ತಾರಸಿ, ಹೊಸದಾಗಿ ಬಣ್ಣ ಹೊಡೆದು ಲಕಲಕ ಎನ್ನುತ್ತಿದೆ, ನಲವತ್ತು ಲಕ್ಷ ಹೇಳುತ್ತಿದ್ದಾರೆ, ಯುಗಾದಿ ದಿನ ಮುಂಗಡ ಕೊಡಲೇ" ಎಂದು ಕೇಳಿದ್ದೀರಿ. ಆಗಲೇ ಹಲವರು ಅಭಿನಂದನೆ ಹೇಳಿಯಾಗಿದೆ. ನಾನು ಹೇಳುವುದಿಲ್ಲ. ನಮ್ಮ ಭಾವ ಹೀಗೆಯೇ ಬೇಸಿಗೆಯಲ್ಲಿ ಮನೆ ನೋಡಿ, ಬಣ್ಣಕ್ಕೆ ಮರುಳಾಗಿ ಮುಂಗಡ ಕೊಟ್ಟು, ಪುನರ್ವಸು ಮಳೆ ಹಿಡಿದಾಗ ಮಂಚವನ್ನು ಕೋಣೆಯ ಮೂಲೆಯಿಂದ ಮೂಲೆಗೆ ಎಳೆದಾಡಿದವರು. ಅವರ ಕಟ್ಟಡದ ಸಂಘದ ಲೆಕ್ಕ ನೋಡಿಕೊಳ್ಳುವ ಕೆಲಸ ಆಮೇಲೆ ನನ್ನ ತಲೆಗೆ ಬಂತು. ಹಾಗಾಗಿ ಸ್ವಲ್ಪ ಕಟುವಾಗಿಯೇ ಬರೆಯುತ್ತೇನೆ.

ಮಾರುವ ಮನೆಗೆ ಹೊಸ ಬಣ್ಣ ಯಾಕೆ ಹೊಡೆಯುತ್ತಾರೆ ಎಂದು ಒಮ್ಮೆಯಾದರೂ ಯೋಚಿಸಿದಿರಾ? ಇಡೀ ಮನೆಗೆ ಹೊಡೆದಿದ್ದರೆ ಪರವಾಗಿಲ್ಲ. ಪಡುವಣ ಗೋಡೆಗೆ ಮಾತ್ರ, ಅಥವಾ ಸೂರಿನ ಒಂದು ಮೂಲೆಗೆ ಮಾತ್ರ ಪುಟ್ಟಿ ಎಳೆದಿದ್ದರೆ ಅಲ್ಲಿ ಏನನ್ನೋ ಮುಚ್ಚಿದ್ದಾರೆ ಎಂದೇ ಲೆಕ್ಕ. ನಮ್ಮಲ್ಲಿ ಮಳೆ ಬೀಸುವುದು ಪಶ್ಚಿಮ, ನೈಋತ್ಯದಿಂದ. ಆ ಗೋಡೆಯ ಹೊರಮೈಯನ್ನು ಕೆಳಗೆ ರಸ್ತೆಯಲ್ಲಿ ನಿಂತು ನೋಡಿ. ಪಾಚಿಯ ಕಪ್ಪು ಪಟ್ಟೆ ಎಲ್ಲಿಂದ ಇಳಿದಿದೆ, ಪೈಪಿನ ಸಂದಿಯಲ್ಲಿ ಅಶ್ವತ್ಥದ ಸಸಿ ಎದ್ದಿದೆಯೇ, ಸಜ್ಜದ ಅಡಿಯ ಗಿಲಾವು ಉದುರಿ ಕಬ್ಬಿಣ ಕಾಣುತ್ತಿದೆಯೇ, ಇವನ್ನು ಯಾವ ಮಧ್ಯವರ್ತಿಯೂ ತೋರಿಸುವುದಿಲ್ಲ.

ಇನ್ನು ನನ್ನ ಮುಖ್ಯ ಮಾತು. ನೀವು ಕೊಳ್ಳುವ ಮನೆಯನ್ನು ಎಷ್ಟು ಸಲ ನೋಡಿದರೂ ಅಷ್ಟೇ, ಕೆಳಗಿನ ಮನೆಯವರ ಬಚ್ಚಲಿನ ಸೂರು ನೋಡಿ. ಆ ಕಾಲದ ಫ್ಲಾಟುಗಳಲ್ಲಿ ಬಚ್ಚಲಿನ ಸ್ಲ್ಯಾಬ್ ಒಂದಡಿಯಷ್ಟು ತಗ್ಗಿಸಿ, ಪೈಪ್ ಹಾಯಿಸಿ, ಇಟ್ಟಿಗೆ ಚೂರು ತುಂಬಿ ಮೇಲೆ ಟೈಲ್ಸ್ ಹಾಸುತ್ತಿದ್ದರು. ನಹಾನಿ ಟ್ರ್ಯಾಪಿನ (ಬಚ್ಚಲಿನ ನೀರು ಹೊರಹೋಗುವ ಕಂಡಿಯ) ಜಾಯಿಂಟ್ ಬಿಟ್ಟರೆ ನೀರು ಆ ಚೂರಿನಲ್ಲಿ ನಿಂತು ನೆನೆಯುತ್ತದೆ. ಮೇಲಿನ ಮನೆಯವರಿಗೆ ಗೊತ್ತೇ ಆಗುವುದಿಲ್ಲ. ಗೊತ್ತಾಗುವುದು ಕೆಳಗಿನವರಿಗೆ: ಪೈಪಿನ ಸುತ್ತ ಹಳದಿ ಕಲೆ, ಆಮೇಲೆ ಸುಣ್ಣದಂಥ ಬಿಳಿ ಹಕ್ಕಳೆ. ಕಾಂಕ್ರೀಟಿನ ಸುಣ್ಣದಂಶ ನೀರಿನಲ್ಲಿ ಕರಗಿ ಇಳಿದು ಗಾಳಿಗೆ ಗಟ್ಟಿಯಾಗುವುದರಿಂದ ಅದು ಮೂಡುತ್ತದೆ. ಅದು ದಪ್ಪವಾಗಿದ್ದರೆ ಸೋರಿಕೆ ನಿನ್ನೆ ಮೊನ್ನೆಯದಲ್ಲ. ಕಂದು ಗೆರೆಯೂ ಜೊತೆಗಿದ್ದರೆ ಒಳಗಿನ ಕಬ್ಬಿಣಕ್ಕೆ ತುಕ್ಕು ಹಿಡಿದಿದೆ. ತುಕ್ಕು ಮೂಲ ಕಬ್ಬಿಣಕ್ಕಿಂತ ಹೆಚ್ಚು ಜಾಗ ಬೇಡುತ್ತದೆ, ಕಾಂಕ್ರೀಟನ್ನು ಒಳಗಿನಿಂದಲೇ ಸೀಳುತ್ತದೆ. ಅಲ್ಲಿಗೆ ಟೈಲ್ಸ್ ಸಂದಿಗೆ ಬಿಳಿ ಸಿಮೆಂಟ್ ತುಂಬುವ ಉಪಾಯಗಳೆಲ್ಲ ದಂಡ. ಟೈಲ್ಸ್ ಒಡೆದು, ಚೂರು ಹೊರಹಾಕಿ, ಪೈಪ್ ಬದಲಿಸಿ, ವಾಟರ್‌ಪ್ರೂಫಿಂಗ್ ಮಾಡಿಸಬೇಕು. ಖರ್ಚು ಬಚ್ಚಲಿನ ಒಡೆಯರದು, ಅಂದರೆ ನಾಳೆ ನಿಮ್ಮದು. ಜಗಳವೂ ನಿಮ್ಮದೇ.

ಮಧ್ಯವರ್ತಿಯನ್ನು ಕರೆದುಕೊಂಡು ಹೋಗಬೇಡಿ. ಸಂಜೆ ಹೊತ್ತು ಅಮ್ಮನ ಜೊತೆ ಹೋಗಿ, ಮೇಲಿನ ಮನೆ ತೆಗೆದುಕೊಳ್ಳುವ ಯೋಚನೆಯಿದೆ ಎಂದು ಹೇಳಿ. ನಮ್ಮೂರಿನ ಜನ ಕಾಫಿ ಕೊಡದೆ ಕಳಿಸುವುದಿಲ್ಲ, ಕಾಫಿ ಮುಗಿಯುವುದರೊಳಗೆ ಯಾರು ನಿರ್ವಹಣಾ ಶುಲ್ಕ ಬಾಕಿ ಇಟ್ಟಿದ್ದಾರೆ, ಲಿಫ್ಟ್ ಯಾವಾಗ ನಿಂತಿತು, ಸಂಪಿನ ನೀರು ಯಾವ ತಿಂಗಳು ತಳ ಕಾಣುತ್ತದೆ, ಎಲ್ಲವೂ ತಿಳಿಯುತ್ತದೆ. ಬಚ್ಚಲಿಗೆ ಫಾಲ್ಸ್ ಸೀಲಿಂಗ್ ಹಾಕಿಸಿದ್ದರೆ ಒಂದು ಹಲಗೆ ಎತ್ತಿ ತೋರಿಸಲು ವಿನಂತಿಸಿ. ಎರಡೂ ಮನೆಯವರು ಒಪ್ಪಿದರೆ ಮೇಲಿನ ಬಚ್ಚಲಿನ ಕಂಡಿಗೆ ಬಟ್ಟೆ ತುರುಕಿ ಒಂದಂಗುಲ ನೀರು ಕಟ್ಟಿ, ಒಂದು ದಿನ ಪೂರ್ತಿ ಬಿಟ್ಟು ಕೆಳಗೆ ನೋಡಿ. ಖಾಲಿ ಬಿದ್ದಿದ್ದ ಮನೆಯಾದರೆ ಇದನ್ನು ಬಿಡಲೇಬೇಡಿ, ಬಳಸದ ಬಚ್ಚಲು ಸೋರುವುದಿಲ್ಲ.

ಗೋಡೆಗೆ ಇನ್ನೊಂದು ಪರೀಕ್ಷೆಯಿದೆ. ಒಂದಡಿ ಚೌಕದ ಪಾರದರ್ಶಕ ಪ್ಲಾಸ್ಟಿಕ್ ಹಾಳೆಯನ್ನು ನಾಲ್ಕೂ ಅಂಚಿಗೆ ಟೇಪ್ ಬಿಗಿದು ಎರಡು ದಿನ ಬಿಡಿ. ಹಾಳೆಯ ಹಿಂಬದಿಯಲ್ಲಿ ಹನಿಗಟ್ಟಿದರೆ ನೀರು ಗೋಡೆಯೊಳಗಿನದು, ಮುಂಬದಿಯಲ್ಲಿ ಹನಿಗಟ್ಟಿದರೆ ಕೋಣೆಯ ಗಾಳಿಯ ತೇವ. ಆದರೆ ಮಾರ್ಚಿನಲ್ಲಿ ಇದು ಹೆಚ್ಚು ಉಪಯೋಗಕ್ಕೆ ಬಾರದು. ಅದಕ್ಕೇ ನಾನು ಹೇಳುವುದು, ಸಾಧ್ಯವಿದ್ದರೆ ಆಷಾಢದವರೆಗೆ ತಡೆಯಿರಿ. ಆಷಾಢದಲ್ಲಿ ಗೃಹಪ್ರವೇಶ ಬೇಡ ಎನ್ನುತ್ತಾರೆ, ಮನೆ ನೋಡುವುದಕ್ಕೆ ಯಾರ ಅಡ್ಡಿ? ಕೊಳ್ಳುವವರೇ ಇರದ ತಿಂಗಳಾದ್ದರಿಂದ ಮಾರುವವರ ದನಿಯೂ ಸ್ವಲ್ಪ ತಗ್ಗಿರುತ್ತದೆ. ಅಷ್ಟು ಕಾಯುವುದಿಲ್ಲ ಎಂದರೆ ಸಂಘದ ನಡಾವಳಿ ಪುಸ್ತಕ ಕೇಳಿ ಪಡೆದು, ಕಳೆದ ಕೆಲವು ವರ್ಷಗಳ ಜುಲೈ, ಆಗಸ್ಟ್ ಸಭೆಗಳಲ್ಲಿ ಏನು ಚರ್ಚೆಯಾಗಿದೆ ಓದಿ. ಪ್ರತಿ ವರ್ಷ "ತಾರಸಿ ಸೋರಿಕೆ" ಎಂಬ ವಿಷಯ ಮುಂದಕ್ಕೆ ಹೋಗುತ್ತಿದ್ದರೆ ಉತ್ತರ ಸಿಕ್ಕಿತು. ಪುಸ್ತಕವೇ ಇಲ್ಲ ಎಂದರೂ ಸಿಕ್ಕಿತು.

ನಿಮ್ಮದು ಮೇಲಿನ ಮಹಡಿ, ತಾರಸಿ ನಿಮ್ಮ ತಲೆಯ ಮೇಲೆ. ಮೇಲೆ ಹತ್ತಿ ಸೌರ ವಾಟರ್ ಹೀಟರ್ ಸ್ಟ್ಯಾಂಡುಗಳ ಬುಡ ನೋಡಿ. ಸ್ಲ್ಯಾಬಿಗೆ ತೂತು ಕೊರೆದು ಬೋಲ್ಟ್ ಹಾಕಿರುವ ಕಡೆಯೇ ಸೋರಿಕೆ ಹುಟ್ಟುವುದು ಹೆಚ್ಚು. ಸೋರಿಕೆ ತಡೆಯುವ ಲೇಪಗಳಲ್ಲಿ ಡಾಕ್ಟರ್ ಫಿಕ್ಸಿಟ್ ಉತ್ತಮವೋ ಫಾಸ್‌ರಾಕ್ ಉತ್ತಮವೋ ಎಂದು ಈ ಗುಂಪಿನಲ್ಲಿ ವಾರಕ್ಕೊಮ್ಮೆ ಕದನ ನಡೆಯುತ್ತದೆ. ಎರಡೂ ಒಳ್ಳೆಯವೇ, ಬಳಿಯುವ ಮುನ್ನ ಬಿರುಕು ಕೆತ್ತಿ ತುಂಬದಿದ್ದರೆ ಎರಡೂ ವ್ಯರ್ಥವೇ. ನನ್ನ ಮಟ್ಟಿಗೆ ಮಲೆನಾಡಿನ ಮಳೆಗೆ ಕಬ್ಬಿಣದ ಟ್ರಸ್ (ಚೌಕಟ್ಟು) ಮೇಲೆ ಶೀಟು ಹೊದಿಸಿದ ತಾರಸಿಯೇ ನೆಮ್ಮದಿ. ಟಾಟಾ ಇರಲಿ ಜಿಂದಾಲ್ ಇರಲಿ, ಹೆಸರಿಗಿಂತ ದಪ್ಪ ನೋಡಿ, ಅರ್ಧ ಮಿಲಿಮೀಟರಿಗಿಂತ ತೆಳ್ಳಗಿನದು ಬೇಡ. ಆದರೆ ತಾರಸಿ ಎಲ್ಲರ ಸೊತ್ತು, ಸಂಘದ ಒಪ್ಪಿಗೆ, ಪಾಲಿಕೆಯ ನಿಯಮ ಎರಡನ್ನೂ ಕೇಳದೆ ಕೈ ಹಾಕಬೇಡಿ.

ಕಾಗದಪತ್ರದ ವಿಷಯ ವಕೀಲರು ನೋಡುತ್ತಾರೆ, ನಾನು ಕೆಲವನ್ನಷ್ಟೇ ಹೇಳುತ್ತೇನೆ. ಮಂಜೂರಾದ ನಕ್ಷೆಯಲ್ಲಿ ಎಷ್ಟು ಮಹಡಿ ಇವೆ ಎಣಿಸಿ, ನೀವು ನೋಡಿದ ಮೂರನೆಯದು ಅದರಲ್ಲಿ ಇರಬೇಕಲ್ಲ! ಪಾಲಿಕೆಯ ಆಸ್ತಿ ದಾಖಲೆಯಾದ ಇ-ಖಾತಾ ಆ ಫ್ಲಾಟಿನ ಹೆಸರಿಗೇ ಆಗಿರಬೇಕು, ಇಡೀ ನಿವೇಶನದ ಹೆಸರಿನದು ಸಾಲದು. ನೋಂದಣಿ ಇಲಾಖೆಯ ಕಾವೇರಿ ತಂತ್ರಾಂಶದಲ್ಲಿ ಋಣಭಾರ ಪತ್ರ (ಆಸ್ತಿಯ ಮೇಲೆ ನೋಂದಣಿಯಾದ ಮಾರಾಟ, ಅಡಮಾನಗಳ ಪಟ್ಟಿ) ಸಿಗುವುದು 2004ರ ಏಪ್ರಿಲ್‌ನಿಂದ ಈಚಿನದು, ಜಾಗದ ಹಿಂದಿನ ಚರಿತ್ರೆಗೆ ಉಪನೋಂದಣಾಧಿಕಾರಿ ಕಚೇರಿಗೇ ಹೋಗಬೇಕು. ಕ್ರಯಪತ್ರದಲ್ಲಿ ಕಟ್ಟಡ ನಿಂತ ಜಮೀನಿನಲ್ಲಿ ಆ ಫ್ಲಾಟಿಗೆ ಬರುವ ಅವಿಭಾಜ್ಯ ಪಾಲು ಎಷ್ಟು ಚದರಡಿ ಎಂದು ಓದಿ. ಕಟ್ಟಡಕ್ಕೆ ವಯಸ್ಸಾದಂತೆ ಬೆಲೆ ಉಳಿಯುವುದು ಆ ಪಾಲಿಗೆ ಮಾತ್ರ. ಬ್ಯಾಂಕ್ ಸಾಲ ಕೊಡುತ್ತದೆ, ಹಾಗಾದರೆ ಎಲ್ಲ ಸರಿಯಿದೆ ಎಂದು ಬರೆದಿದ್ದೀರಿ. ಬ್ಯಾಂಕಿನವರು ನೋಡುವುದು ತಮ್ಮ ಹಣ ವಾಪಸು ಬರುತ್ತದೆಯೇ ಎಂದು, ನಿಮ್ಮ ಬಚ್ಚಲನ್ನಲ್ಲ.

ಖರ್ಚಿನಲ್ಲಿಯೂ ನೀವು ಎಡವಿದ್ದೀರಿ. 45 ಲಕ್ಷದೊಳಗಿನ ಫ್ಲಾಟಿಗೆ ಮುದ್ರಾಂಕ ಶುಲ್ಕ 3% ಎಂದು ಹಿಡಿದಿದ್ದೀರಿ, ಆ ರಿಯಾಯಿತಿ ಮೊದಲ ಸಲ ಮಾರಾಟವಾಗುವ ಫ್ಲಾಟಿಗೆ. ಹಳೆಯದಕ್ಕೆ 5%, ಅದರ ಮೇಲೆ ಸೆಸ್, ಸರ್‌ಚಾರ್ಜ್ ಸೇರಿ 5.6%. ನೋಂದಣಿ ಶುಲ್ಕ 2025ರ ಆಗಸ್ಟ್ 31ರಿಂದ 2% ಆಗಿದೆ. ನಲವತ್ತು ಲಕ್ಷಕ್ಕೆ ಒಟ್ಟು 3,04,000 ರೂಪಾಯಿ ತೆಗೆದಿಡಿ. ಸರ್ಕಾರದ ಮಾರ್ಗಸೂಚಿ ದರ ಇದಕ್ಕಿಂತ ಹೆಚ್ಚಿದ್ದರೆ ಅದರ ಮೇಲೆ ಲೆಕ್ಕ.

ಲಿಫ್ಟ್ ಕೋನೆ ಕಂಪನಿಯದೋ ಜಾನ್ಸನ್ ಕಂಪನಿಯದೋ ಎಂದು ಹೆಮ್ಮೆ ಪಡುವುದಕ್ಕಿಂತ ವಾರ್ಷಿಕ ನಿರ್ವಹಣಾ ಒಪ್ಪಂದ ಚಾಲ್ತಿಯಲ್ಲಿದೆಯೇ, ವಿದ್ಯುತ್ ಪರಿವೀಕ್ಷಣಾಲಯದ ಪರವಾನಗಿ ಇದೆಯೇ, ಕರೆಂಟ್ ಹೋದಾಗ ಜನರೇಟರಿನಲ್ಲಿ ಓಡುತ್ತದೆಯೇ ಕೇಳಿ. ಮಂಡಿನೋವಿನ ತಾಯಿ ಮೂರು ಮಹಡಿ ಹತ್ತಬೇಕಲ್ಲ. ಮತ್ತೊಂದು, ಮಳೆಗಾಲದಲ್ಲಿ ಬಟ್ಟೆ ಒಣಗಿಸುವುದೆಲ್ಲಿ? ಊರಿನ ಮನೆಯಲ್ಲಿ ಬಚ್ಚಲೊಲೆಯ ಮೇಲೆ ಹಗ್ಗ ಕಟ್ಟಿ ಅಭ್ಯಾಸವಾದವರಿಗೆ ಗಾಳಿಯಾಡದ ಫ್ಲಾಟಿನಲ್ಲಿ ಆಶ್ಲೇಷ ಮಳೆ ಮುಗಿಯುವುದರೊಳಗೆ ಬೀರುವಿನ ಸೀರೆಗೂ ಬೂಷ್ಟು ಹಿಡಿಯುತ್ತದೆ. ಬಾಲ್ಕನಿ ಪಶ್ಚಿಮಕ್ಕಿದ್ದರೆ ಅದೂ ನಿರುಪಯೋಗಿ.

ಯುಗಾದಿಯಂದೇ ಕೊಡಬೇಕೆಂದು ಮನೆಯವರ ಹಟವಿದ್ದರೆ ಸಣ್ಣ ಮೊತ್ತ ಕೊಟ್ಟು ರಸೀದಿ ಬರೆಸಿಕೊಳ್ಳಿ, ಸೋರಿಕೆಯೋ ದಾಖಲೆಯ ದೋಷವೋ ಕಂಡುಬಂದರೆ ಹಣ ವಾಪಸು ಎಂಬ ಸಾಲು ಅದರಲ್ಲಿಯೇ ಇರಲಿ. ಮತ್ತು ಕೆಳಗಿನ ಮನೆಯ ಸೂರಿನ ಚಿತ್ರ ಇಲ್ಲಿ ಹಾಕಿ. ಫ್ಲ್ಯಾಷ್ ಬೇಡ, ಉಬ್ಬುತಗ್ಗು ಕಾಣುವುದಿಲ್ಲ. ಇನ್ನೊಬ್ಬರ ಕೈಯಲ್ಲಿ ಟಾರ್ಚ್ ಕೊಟ್ಟು ಸೂರಿಗೆ ಓರೆಯಾಗಿ ಬೆಳಕು ಬಿಡಿಸಿ ತೆಗೆಯಿರಿ.