ಚೆನ್ನಾಗಿದ್ದಾನಲ್ಲ, ಇನ್ನೇಕೆ ಮಾತ್ರೆ?

ಪತ್ರ: ಸಂಪಾದಕರಿಗೆ ನಮಸ್ಕಾರ. ನನ್ನ ತಮ್ಮನಿಗೆ ಬೈಪೋಲಾರ್ ಇದೆ, ಮನಸ್ಸು ಒಮ್ಮೆ ವಿಪರೀತ ಮೇಲೇರಿ ಇನ್ನೊಮ್ಮೆ ತೀರಾ ಕುಸಿಯುವ ಕಾಯಿಲೆ. ಮೊದಲ ಸಲ ಮೇನಿಯಾ, ಅಂದರೆ ಆ ಮೇಲೇರುವ ಸ್ಥಿತಿ, ಬಂದಾಗ ನಿದ್ದೆ ಬಿಟ್ಟು, ಊರೆಲ್ಲಾ ಸಾಲ ಮಾಡಿ ಎರಡು ಹಳೇ ಲಾರಿ ತಂದು ನಿಲ್ಲಿಸಿದ. ಆಮೇಲೆ ತಿಂಗಳುಗಟ್ಟಲೆ ಹಾಸಿಗೆಯಿಂದ ಏಳಲಿಲ್ಲ. ಲಿಥಿಯಂ ಮಾತ್ರೆ ಶುರುವಾದ ಮೇಲೆ ಮೂರು ವರ್ಷದಿಂದ ಆರಾಮಾಗಿದ್ದಾನೆ, ಕೆಲಸಕ್ಕೂ ಹೋಗುತ್ತಾನೆ. ಈಗ ಹೆಣ್ಣು ನೋಡುತ್ತಿದ್ದೇವೆ. "ಚೆನ್ನಾಗಿದ್ದಾನಲ್ಲ, ಇನ್ನೇಕೆ ಮಾತ್ರೆ? ಕಿಡ್ನಿ ಹೋಗುತ್ತೆ. ಹೆಣ್ಣಿನವರಿಗೆ ಗೊತ್ತಾದರೆ ಸಂಬಂಧ ಮುರಿಯುತ್ತೆ" ಎಂದು ಅಪ್ಪ ಹಟ ಹಿಡಿದಿದ್ದಾರೆ. ಯೋಗ ಶಿಬಿರಕ್ಕೆ ಹಣವನ್ನೂ ಕಟ್ಟಿದ್ದಾರೆ. ಅಪ್ಪ ಹೇಳುವುದೂ ಸರಿ ಅನ್ನಿಸುತ್ತದೆ. ನೀವೇನು ಹೇಳುತ್ತೀರಿ?
– ಓದುಗರು, ತಿಪಟೂರು

ಉತ್ತರ: ನೋಡಿ ತಾಯಿ, ನಿಮ್ಮ ತಂದೆಯವರ ಮಾತಿನಲ್ಲಿ ನಿಜ ಇಲ್ಲದೇ ಇಲ್ಲ. ಬಹಳ ವರ್ಷ ಲಿಥಿಯಂ ತೆಗೆದುಕೊಂಡವರಲ್ಲಿ ಕೆಲವರಿಗೆ ಕಿಡ್ನಿಯ ಕೆಲಸ ಕುಂದುತ್ತದೆ, ಥೈರಾಯ್ಡ್ ತೊಂದರೆ ಬರುತ್ತದೆ. ಕೈ ಸಣ್ಣಗೆ ನಡುಗುವುದು, ಬಾಯಾರಿಕೆ, ತೂಕ ಏರುವುದು ಎಲ್ಲಾ ಇದೆ. ಯೋಗವೂ ಒಳ್ಳೆಯದೇ. ಬೆಳಿಗ್ಗೆ ಎದ್ದು ನಾಲ್ಕು ಸೂರ್ಯನಮಸ್ಕಾರ ಹಾಕಿದರೆ ಯಾರಿಗೂ ನಷ್ಟವಿಲ್ಲ. ಅವರ ಪರವಾಗಿ ಹೇಳಬೇಕಾದ್ದು ಇಷ್ಟು, ಹೇಳಿ ಆಯಿತು.

ಈಗ ನನ್ನ ಮಾತು. ಮಾತ್ರೆ ನಿಲ್ಲಿಸಬೇಡಿ. ಶಿಬಿರ ಮುಗಿದ ಮೇಲೂ ಬೇಡ, ಮದುವೆ ಮುಗಿದ ಮೇಲೂ ಬೇಡ. ಕಡಿಮೆ ಮಾಡುವುದೋ ಬದಲಾಯಿಸುವುದೋ ಇದ್ದರೆ ಅದನ್ನು ಬರೆದುಕೊಟ್ಟ ಡಾಕ್ಟರೇ ಹೇಳಲಿ, ನಿಧಾನವಾಗಿ ಆಗಲಿ. ಲಿಥಿಯಂ ತಟ್ಟನೆ ಬಿಟ್ಟವರಿಗೆ ಕೆಲವೇ ತಿಂಗಳಲ್ಲಿ ಮೇನಿಯಾ ಮರಳಿ ಬರುವುದು ತೀರಾ ಸಾಮಾನ್ಯ. ಈ ಕಾಯಿಲೆಯಲ್ಲಿ ಆತ್ಮಹತ್ಯೆಯ ಅಪಾಯ ದೊಡ್ಡದು. ಅದನ್ನು ತಗ್ಗಿಸುವ ಕೆಲವೇ ಮದ್ದುಗಳಲ್ಲಿ ಲಿಥಿಯಂ ಒಂದು. "ಚೆನ್ನಾಗಿದ್ದಾನಲ್ಲ" ಅನ್ನುತ್ತೀರಿ. ಹೇಗೆ ಚೆನ್ನಾಗಿದ್ದಾನೆ ಅಂತ ಯಾರೂ ಕೇಳುವುದಿಲ್ಲ, ಅಲ್ವಾ?

ಈ ವಾದ ನಿಮ್ಮ ಮನೆಯಲ್ಲಿ ಹುಟ್ಟಿದ್ದೇನೂ ಅಲ್ಲ. ಜಾನ್ ಕೇಡ್ ಎಂಬ ಆಸ್ಟ್ರೇಲಿಯಾದ ಡಾಕ್ಟರ್ ಇದ್ದರು. ಎರಡನೇ ಮಹಾಯುದ್ಧದಲ್ಲಿ ಜಪಾನಿಯರ ಕೈಗೆ ಸಿಕ್ಕಿ ಸಿಂಗಪುರದ ಚಾಂಗಿ ಸೆರೆಯಲ್ಲಿ ಮೂರು ವರ್ಷಕ್ಕೂ ಹೆಚ್ಚು ಕಾಲ ಕಳೆದವರು. ಬಿಡುಗಡೆಯಾದ ಮೇಲೆ ಮೆಲ್ಬರ್ನ್‌ನ ಬಂಡೂರಾದ ಆಸ್ಪತ್ರೆಯಲ್ಲಿ, ಯಾರೂ ಬಳಸದ ಅಡುಗೆಕೋಣೆಯೊಂದರಲ್ಲಿ ಗಿನಿಪಿಗ್‌ಗಳನ್ನಿಟ್ಟುಕೊಂಡು ಪ್ರಯೋಗಕ್ಕೆ ಕುಳಿತರು. ಲಿಥಿಯಂ ಉಪ್ಪನ್ನು ಮೊದಲು ತಾವೇ ಸೇವಿಸಿ ನೋಡಿದರು. 1948ರಲ್ಲಿ, ವರ್ಷಗಟ್ಟಲೆ ಮೇನಿಯಾದಲ್ಲೇ ಇದ್ದ ರೋಗಿಯೊಬ್ಬನಿಗೆ ಕೊಟ್ಟರು. ಆತ ಕೆಲವೇ ತಿಂಗಳಲ್ಲಿ ಮನೆಗೆ ಹೋದ, ಹಳೆಯ ಕೆಲಸಕ್ಕೂ ಸೇರಿದ. ಆಮೇಲೆ ಆರಾಮಾಗಿದ್ದೀನಲ್ಲ ಅಂತ ಮದ್ದು ಬಿಟ್ಟ. ಮತ್ತೆ ಆಸ್ಪತ್ರೆಗೆ ಬಂದ. ಕೇಡ್ ಅವರ ಮೊಟ್ಟಮೊದಲ ರೋಗಿಯೇ ಹೀಗೆ! 1949ರಲ್ಲಿ ಅವರು ಈತನೂ ಸೇರಿ ಹತ್ತು ಮೇನಿಯಾ ರೋಗಿಗಳ ವಿವರ ಪ್ರಕಟಿಸಿದರು. ಲೋಕ ಅದನ್ನು ಪೂರ್ತಿ ನಂಬಲು ಇನ್ನೂ ಇಪ್ಪತ್ತು ವರ್ಷ ಬೇಕಾಯಿತು. ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿದ್ದು 1970ರಲ್ಲಿ.

ಕತೆಯ ಇನ್ನರ್ಧವನ್ನೂ ಹೇಳಬೇಕು, ಅದು ನಿಮ್ಮ ತಂದೆಯವರಿಗೆ ಬೇಕಾದ್ದು. ಅದೇ ಮೊದಲ ರೋಗಿ 1950ರಲ್ಲಿ ಲಿಥಿಯಂ ವಿಷವೇರಿ ತೀರಿಕೊಂಡ. ರಕ್ತದಲ್ಲಿ ಮದ್ದು ಎಷ್ಟಿದೆ ಎಂದು ಅಳೆದು ಕೊಡುವ ರೂಢಿ ಆಗ ಇರಲಿಲ್ಲ. ಈಗ ಇದೆ. ರಾತ್ರಿ ಮಾತ್ರೆ ತೆಗೆದುಕೊಂಡು 12 ಗಂಟೆ ಕಳೆದ ಮೇಲೆ ರಕ್ತ ಕೊಡಬೇಕು. ಲೆವೆಲ್ ಸಾಮಾನ್ಯವಾಗಿ 0.6ರಿಂದ 1.0ರೊಳಗೆ ಇರುವಂತೆ ನೋಡಿಕೊಳ್ಳುತ್ತಾರೆ. 1.5 ದಾಟಿದರೆ ಅಪಾಯ. ಜೊತೆಗೆ ಕಿಡ್ನಿ, ಥೈರಾಯ್ಡ್ ಪರೀಕ್ಷೆ. ಇಷ್ಟನ್ನು ಡಾಕ್ಟರ್ ಹೇಳಿದ ಸಮಯಕ್ಕೆ ಮಾಡಿಸಿದರೆ, ಕಿಡ್ನಿ ಕೆಡುವ ಮೊದಲೇ ಸುಳಿವು ಸಿಗುತ್ತದೆ.

ಇಲ್ಲಿ ನಿಮ್ಮನ್ನು ಸ್ವಲ್ಪ ಗದರಬೇಕು, ಬೇಜಾರು ಮಾಡ್ಕೋಬೇಡಿ. ಶಿಬಿರಕ್ಕೆ ಹಣ ಕಟ್ಟಿದ ವಿಷಯ ಪತ್ರದಲ್ಲಿದೆ. ಲೆವೆಲ್ ಟೆಸ್ಟ್ ಕೊನೆಗೆ ಯಾವಾಗ ಮಾಡಿಸಿದಿರಿ ಎಂಬುದು ಎಲ್ಲೂ ಇಲ್ಲ. ಕಿಡ್ನಿಯ ಮೇಲೆ ಅಷ್ಟು ಕಾಳಜಿ ಇರುವವರು ಮೊದಲು ಲ್ಯಾಬಿಗೆ ಹೋಗಬೇಕಿತ್ತು. ಇನ್ನೊಂದು. ಮೈಕೈ ನೋವು ಅಂತ ಮೆಡಿಕಲ್ ಶಾಪಿನಿಂದ ಐಬುಪ್ರೊಫೇನ್, ಡೈಕ್ಲೊಫೆನಾಕ್ ತಂದು ನುಂಗುವ ಅಭ್ಯಾಸ ನಮ್ಮೆಲ್ಲರಿಗೂ ಇದೆ. ಲಿಥಿಯಂ ತೆಗೆದುಕೊಳ್ಳುವವರು ಹಾಗೆ ಮಾಡಬಾರದು, ಅವು ಲೆವೆಲ್ ಏರಿಸುತ್ತವೆ. ಏಕಾದಶಿಗೆ ನೀರೂ ಮುಟ್ಟದ ಉಪವಾಸ, ಇದ್ದಕ್ಕಿದ್ದಂತೆ ಉಪ್ಪು ಬಿಡುವುದು, ಇವೂ ಬೇಡ. ವಾಂತಿಭೇದಿ ಆದರೆ, ನಡಿಗೆ ತಪ್ಪಿದರೆ, ಮಾತು ತೊದಲಿದರೆ ಅದೇ ದಿನ ಡಾಕ್ಟರ ಹತ್ತಿರ ಓಡಿ.

ನಾನು ಕೆಲಸ ಕಲಿತ ಪ್ರೆಸ್ಸಿನಲ್ಲಿ ಒಬ್ಬ ಪ್ರೂಫ್ ರೀಡರ್ ಇದ್ದರು. ಶಾಂತ ಮನುಷ್ಯ. ಒಂದು ಬೇಸಿಗೆಯಲ್ಲಿ ಅವರು ಬದಲಾದರು. ರಾತ್ರಿ ಎರಡು ಗಂಟೆ ಮಲಗಿದರೆ ಹೆಚ್ಚು, ಬೆಳಿಗ್ಗೆ ಎಲ್ಲರಿಗಿಂತ ಮೊದಲು ಹಾಜರ್. ಸುಸ್ತು ಅನ್ನುವುದೇ ಇಲ್ಲ. ಮಾಲೀಕರಿಗೆ ಖುಷಿಯೋ ಖುಷಿ, ಮೂರು ಜನರ ಕೆಲಸ ಒಬ್ಬರೇ ಮುಗಿಸುತ್ತಿದ್ದರು. ಹನ್ನೆರಡು ಸಂಪುಟದ ವಿಶ್ವಕೋಶ ತರುತ್ತೇನೆ ಎಂದು ಹೆಂಡತಿಯ ಬಳೆ ಅಡವಿಟ್ಟು ಕಾಗದ ತರಿಸಿದರು. ಆಗಲೂ ಯಾರೂ ಡಾಕ್ಟರ್ ಅನ್ನಲಿಲ್ಲ. "ಎಂಥಾ ಉಮೇದು ಮಾರಾಯ" ಅಂದರು. ಮಳೆಗಾಲಕ್ಕೆ ಆತ ಕುಸಿದಾಗ ಆಸ್ಪತ್ರೆಗೆ ಕರೆದುಕೊಂಡು ಹೋದರು. ಅಲ್ಲಿ ಹೇಳಿದ್ದು ಅಳುವಿನ ಕತೆ ಮಾತ್ರ. ಡಾಕ್ಟರ್ ಡಿಪ್ರೆಶನ್ ಮಾತ್ರೆ ಕೊಟ್ಟರು. ಬೈಪೋಲಾರ್ ಇರುವವರಿಗೆ ಅದೊಂದನ್ನೇ ಕೊಟ್ಟರೆ ಕೆಲವರು ಮೇನಿಯಾಕ್ಕೆ ಹಾರಿಬಿಡುತ್ತಾರೆ. ಇವರೂ ಹಾರಿದರು. ಆಗ ಅವರ ಹೆಂಡತಿ ಹೋಗಿ ವಿಶ್ವಕೋಶದ ಕತೆ, ಬಳೆಯ ಕತೆ ಎಲ್ಲಾ ಹೇಳಿದ ಮೇಲೆ ಕಾಯಿಲೆಗೆ ಸರಿಯಾದ ಹೆಸರು ಸಿಕ್ಕಿತು. ಆ ತಾಯಿ ಅವತ್ತಿನಿಂದ ಕ್ಯಾಲೆಂಡರಿನಲ್ಲಿ ಗಂಡ ಎಷ್ಟು ಗಂಟೆ ಮಲಗಿದರು ಎಂದು ಬರೆದಿಡುತ್ತಿದ್ದರು. ನಿದ್ದೆ ನಾಲ್ಕು ಗಂಟೆಗೆ ಇಳಿದು, ಮರುದಿನ ಸುಸ್ತೂ ಕಾಣದಿದ್ದರೆ ನೇರ ಆಸ್ಪತ್ರೆಗೆ ಬಸ್ ಹತ್ತಿಸುತ್ತಿದ್ದರು. ಮನೆಯವರು ಮಾಡಬಹುದಾದ ಕೆಲಸಗಳಲ್ಲಿ ಇದಕ್ಕಿಂತ ಒಳ್ಳೆಯದನ್ನು ನಾನು ಕಂಡಿಲ್ಲ.

ನಮ್ಮಲ್ಲಿ ಅಳುವವನನ್ನು ಕಂಡರೆ ಗಾಬರಿ, ಹಾರಾಡುವವನನ್ನು ಕಂಡರೆ ಹೆಮ್ಮೆ. ಒಂದು ವಾರ ಬಿಡದೆ ಮನಸ್ಸು ಮೇಲೇರಿ, ನಿದ್ದೆ ಇಳಿದು, ಮಾತು ನಿಲ್ಲದೆ, ಕೈಯಲ್ಲಿ ಹಣ ನಿಲ್ಲದೆ ಹೋದರೆ ಅದು ಉಮೇದಲ್ಲ. ನಿಮ್ಮ ತಮ್ಮ ಮೊದಲ ಲಾರಿ ತಂದ ದಿನ ಮನೆಯಲ್ಲಿ ಪೂಜೆ ಮಾಡಿಸಿರುತ್ತೀರಿ ಎಂದು ನನ್ನ ಊಹೆ.

ಮದುವೆಯ ಮಾತಿಗೆ ಬರೋಣ. ಹೇಳಿಯೇ ಮಾಡಿ. ಈ ಕಾಯಿಲೆ ಇದ್ದರೆ ಮದುವೆಯೇ ಇಲ್ಲ ಎಂದು ಕಾನೂನು ಹೇಳುವುದಿಲ್ಲ. ಮಾನಸಿಕ ಕಾಯಿಲೆಯ ಹೆಸರೊಂದನ್ನೇ ತೋರಿಸಿ ವಿಚ್ಛೇದನ ಕೇಳಿದರೆ ಸಾಲದು, ಅದು ಎಷ್ಟು ತೀವ್ರ ಎಂದು ನೋಡಬೇಕು ಎಂದು ಸುಪ್ರೀಂ ಕೋರ್ಟ್ 1988ರಲ್ಲೇ ಹೇಳಿದೆ. ಆದರೆ ಮುಖ್ಯ ವಿಷಯ ಮುಚ್ಚಿಟ್ಟು ಒಪ್ಪಿಗೆ ಪಡೆದರೆ ಹಿಂದೂ ವಿವಾಹ ಕಾಯ್ದೆಯಲ್ಲಿ ಮದುವೆ ರದ್ದಾಗಲು ದಾರಿ ಇದೆ. ಕೋರ್ಟು ಹಾಗಿರಲಿ, ಬಚ್ಚಲಲ್ಲಿ ಬಾಗಿಲು ಹಾಕಿಕೊಂಡು ಮಾತ್ರೆ ನುಂಗುವ ಗಂಡ ಎಷ್ಟು ದಿನ ನುಂಗಿಯಾನು? ಹೆಣ್ಣಿನವರು ಮಕ್ಕಳ ಬಗ್ಗೆ ಕೇಳುತ್ತಾರೆ. ಬರುವ ಸಾಧ್ಯತೆ ಬೇರೆಯವರಿಗಿಂತ ಜಾಸ್ತಿ ಹೌದು, ಆದರೂ ಹೆಚ್ಚಿನ ಮಕ್ಕಳಿಗೆ ಬರುವುದಿಲ್ಲ. ಇದನ್ನು ಡಾಕ್ಟರ ಎದುರೇ ಕೂರಿಸಿ ಹೇಳಿಸಿ. ಅಷ್ಟು ಕೇಳಿಯೂ ಒಪ್ಪುವ ಹುಡುಗಿ ಸಿಕ್ಕರೆ ನಿಮ್ಮ ತಮ್ಮ ಪುಣ್ಯವಂತ.

ನಿಮ್ಮೊಬ್ಬರನ್ನೇ ದೂರಿ ಏನು ಪ್ರಯೋಜನ? 2015-16ರಲ್ಲಿ ನಿಮ್ಹಾನ್ಸ್ ನಡೆಸಿದ ರಾಷ್ಟ್ರೀಯ ಸಮೀಕ್ಷೆಯಲ್ಲಿ ಬೈಪೋಲಾರ್ ಇರುವ ನೂರು ಜನರಲ್ಲಿ ಸುಮಾರು 70 ಮಂದಿಗೆ ಚಿಕಿತ್ಸೆಯೇ ಸಿಕ್ಕಿರಲಿಲ್ಲ. ತಾಲ್ಲೂಕಿನ ಸಾಮಾನ್ಯ ಡಾಕ್ಟರಿಗೂ ತರಬೇತಿ ಕೊಟ್ಟರೆ ಮನಸ್ಸಿನ ಕಾಯಿಲೆ ನೋಡಬಲ್ಲರು ಎಂದು 1980ರ ದಶಕದಲ್ಲಿ ದೇಶಕ್ಕೆ ತೋರಿಸಿಕೊಟ್ಟದ್ದು ನಮ್ಮ ಬಳ್ಳಾರಿ. ಅದೇ ಮಾದರಿಯಲ್ಲಿ 1996ರಿಂದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ನಡೆದಿದೆ. ಮಂಗಳವಾರ ತಾಲ್ಲೂಕು ಆಸ್ಪತ್ರೆಗೆ ಮನೋವೈದ್ಯರು ಬರುವ 'ಮನೋಚೈತನ್ಯ' ಕೂಡ ನಮ್ಮದೇ. ಆದರೂ ನನ್ನ ನೆಂಟರೊಬ್ಬರು ಲಿಥಿಯಂ ಕೇಳಿಕೊಂಡು ಪೇಟೆಯ ಒಂದೊಂದೇ ಮೆಡಿಕಲ್ ಶಾಪ್ ಹತ್ತಿ ಇಳಿದದ್ದನ್ನು ನೋಡಿದ್ದೇನೆ. ಬರೀ ಉಪ್ಪು ಅದು, ಪೇಟೆಂಟ್ ಮಾಡಲಾಗದು. ಅಗ್ಗದ ಮಾಲಿಗೆ ಯಾವ ಕಂಪನಿಯವನು ಬ್ಯಾಗ್ ಹಿಡಿದು ಓಡಾಡುತ್ತಾನೆ? ಇನ್ನು ವಿಮೆ. ದೇಹದ ಕಾಯಿಲೆಗೆ ಕೊಡುವ ಹಾಗೆಯೇ ಮನಸ್ಸಿನ ಕಾಯಿಲೆಗೂ ವಿಮೆ ಕೊಡಬೇಕು ಎಂದು 2017ರ ಮಾನಸಿಕ ಆರೋಗ್ಯ ಕಾಯ್ದೆಯಲ್ಲೇ ಬರೆದಿದೆ. ಇದನ್ನು ಹೇಳಿದರೆ ಏಜೆಂಟರು ನಮ್ಮ ಮುಖ ನೋಡಿ ನಗುತ್ತಾರೆ. ಧಾರಾವಾಹಿಯವರ ವಿಷಯ ಎತ್ತುವುದೇ ಬೇಡ. ಅವರ ಮಾನಸಿಕ ರೋಗಿಗೆ ಇವತ್ತಿಗೂ ಕೂದಲು ಬಾಚುವವರಿಲ್ಲ.

ಕೊನೆಯದಾಗಿ ಒಂದು ಪ್ರಶ್ನೆ. ಅಪ್ಪನ ಮಾತು ಬರೆದಿದ್ದೀರಿ, ನಿಮ್ಮ ಮಾತು ಬರೆದಿದ್ದೀರಿ. ನಿಮ್ಮ ತಮ್ಮ ಏನು ಹೇಳುತ್ತಾನೆ? ಮೂರು ವರ್ಷ ಮಾತ್ರೆ ನುಂಗಿ ಸಂಸಾರದ ಮರ್ಯಾದೆ ಉಳಿಸಿದವನು ಅವನು. ಅದೇ 2017ರ ಕಾಯ್ದೆಯಲ್ಲಿ ಇನ್ನೊಂದು ಅನುಕೂಲ ಇದೆ. ಮುಂದೆ ತಾನು ಮೇನಿಯಾದಲ್ಲಿ ಸಿಕ್ಕಿಕೊಂಡರೆ ಯಾವ ಚಿಕಿತ್ಸೆ ಕೊಡಬೇಕು, ಯಾವುದು ಬೇಡ, ತನ್ನ ಪರವಾಗಿ ಯಾರು ಮಾತಾಡಬೇಕು ಎಂದು ಅವನು ಆರಾಮಾಗಿರುವಾಗಲೇ ಬರೆದಿಡಬಹುದು. ಮುಂದಿನ ಸಲ ಡಾಕ್ಟರ ಹತ್ತಿರ ಹೋದಾಗ ಅದನ್ನು ಕೇಳಿ. ನಿಮ್ಮ ತಂದೆಯವರು ಪತ್ರಿಕೆಯವನ ಮಾತು ನಂಬದಿದ್ದರೆ 14416ಕ್ಕೆ ಫೋನ್ ಮಾಡಲಿ. ಅದು ಸರ್ಕಾರದ ಟೆಲಿ ಮಾನಸ್, ದುಡ್ಡಿಲ್ಲ, ಹಗಲೂ ರಾತ್ರಿಯೂ ಇರುತ್ತದೆ, ಕನ್ನಡದಲ್ಲೇ ಮಾತಾಡುತ್ತಾರೆ.
– ಸಂ.