ಜ್ಯೂರಿ ಬಿಟ್ಟರೂ ಪ್ರೊಬೇಷನ್ ರದ್ದಾಗಬಹುದೇ?

ಪ್ರಶ್ನೆ: ನನ್ನ ತಮ್ಮ ಅಮೆರಿಕದಲ್ಲಿದ್ದಾನೆ. ಹಳೇ ಕೇಸೊಂದರಲ್ಲಿ ಪ್ರೊಬೇಷನ್ ಮೇಲಿದ್ದಾಗ, ಅಂದರೆ ಜೈಲಿನ ಬದಲು ಷರತ್ತಿನ ಮೇಲೆ ಹೊರಗಿದ್ದಾಗ, ಅವನ ಮೇಲೆ ಹಲ್ಲೆ ಆರೋಪ ಬಂತು. ಜ್ಯೂರಿ (ತೀರ್ಪು ಹೇಳುವ ಜನಸಾಮಾನ್ಯರ ಮಂಡಳಿ) ನಿರ್ದೋಷಿ ಎಂದಿತು. ಈಗ ಅದೇ ಗಲಾಟೆಯನ್ನು ಮುಂದಿಟ್ಟು ಪ್ರೊಬೇಷನ್ ರದ್ದು ಮಾಡಿ ಎಂದು ಸರ್ಕಾರಿ ವಕೀಲರು ಕೇಳಿದ್ದಾರೆ. ಒಂದೇ ವಿಷಯಕ್ಕೆ ಎರಡು ಸಲ ಎಳೆದಾಡಿದಂತೆ ಆಗುವುದಿಲ್ಲವೇ?

ಉತ್ತರ: ನಿಮಗೆ ಹಾಗೆ ಅನಿಸುವುದು ಸಹಜ. ಆದರೆ ಅಲ್ಲಿನ ಬಹುತೇಕ ಕೋರ್ಟುಗಳು ಇದನ್ನು ಒಪ್ಪುತ್ತವೆ.

ಕ್ರಿಮಿನಲ್ ಕೇಸಿನಲ್ಲಿ ಆರೋಪ ಸಾಬೀತಾಗಬೇಕಾದರೆ ನ್ಯಾಯವಾದ ಸಂಶಯ ಒಂದೂ ಉಳಿಯಬಾರದು. ಜ್ಯೂರಿ ನಿರ್ದೋಷಿ ಎಂದಾಗ ಅದರ ಅರ್ಥ, ಸಾಕ್ಷ್ಯ ಆ ಮಟ್ಟ ಮುಟ್ಟಲಿಲ್ಲ ಎಂದಷ್ಟೇ. ಹಲ್ಲೆ ನಡೆದೇ ಇಲ್ಲ ಎಂದಲ್ಲ. ಪ್ರೊಬೇಷನ್ ರದ್ದತಿಗೆ ಅಷ್ಟು ಬೇಕಿಲ್ಲ. ಷರತ್ತು ಮುರಿದಿರುವ ಸಾಧ್ಯತೆಯೇ ಜಾಸ್ತಿ ಎಂದು ನ್ಯಾಯಾಧೀಶರಿಗೆ ಮನವರಿಕೆಯಾದರೆ ಹೆಚ್ಚಿನ ರಾಜ್ಯಗಳಲ್ಲಿ ಸಾಕು. ಮಿನೆಸೋಟಾದಂಥ ಕಡೆ ಇದಕ್ಕಿಂತ ಗಟ್ಟಿ ಪುರಾವೆ ಕೇಳುತ್ತಾರೆ. ಅಮೆರಿಕದ ಫುಟ್‌ಬಾಲ್ ಆಟಗಾರ ಓ.ಜೆ. ಸಿಂಪ್ಸನ್ ನೆನಪಿದ್ದಾರಲ್ವಾ? 1995ರಲ್ಲಿ ಕೊಲೆ ಕೇಸಿನಲ್ಲಿ ಬಿಡುಗಡೆಯಾದರು. 1997ರಲ್ಲಿ ಸಿವಿಲ್ ಕೋರ್ಟಿನ ಜ್ಯೂರಿ ಅದೇ ಸಾವುಗಳಿಗೆ ಅವರೇ ಹೊಣೆ ಎಂದಿತು. ಅಲ್ಲೂ ಅಳತೆಗೋಲು ಬೇರೆ ಇತ್ತು.

ಇನ್ನು ಎರಡು ಸಲ ಶಿಕ್ಷೆಯ ಮಾತು. ಪ್ರೊಬೇಷನ್ ರದ್ದಾದರೆ ನಿಮ್ಮ ತಮ್ಮ ಅನುಭವಿಸುವುದು ಹಳೇ ಕೇಸಿನ ಶಿಕ್ಷೆ, ಹೊಸ ಹಲ್ಲೆಯದ್ದಲ್ಲ. ಕೋರ್ಟುಗಳ ತರ್ಕ ಇದು. ಕಾಗದದ ಮೇಲೆ ಸರಿಯಾಗೇ ಇದೆ. ಜ್ಯೂರಿ ಮುಂದೆ ಸೋತ ಸರ್ಕಾರಿ ವಕೀಲರಿಗೆ ನ್ಯಾಯಾಧೀಶರ ಮುಂದೆ ಇನ್ನೊಂದು ಅವಕಾಶ ಸಿಗುವುದು ಮಾತ್ರ ನನಗೆ ಅಷ್ಟು ಹಿಡಿಸುವುದಿಲ್ಲ.

ಹಾಗಂತ ಸುಮ್ನೆ ಒಳಗೆ ಹಾಕುವಂತಿಲ್ಲ. 1973ರ ಗ್ಯಾಗ್ನನ್ ವಿರುದ್ಧ ಸ್ಕಾರ್ಪೆಲ್ಲಿ ತೀರ್ಪಿನಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಕನಿಷ್ಠ ರಕ್ಷಣೆಗಳನ್ನು ಹೇಳಿದೆ. ಯಾವ ಷರತ್ತು ಮುರಿದಿದ್ದಾರೆ ಎಂದು ಬರಹದಲ್ಲಿ ತಿಳಿಸಬೇಕು. ಆರೋಪಿಗೆ ತನ್ನ ಸಾಕ್ಷಿಗಳನ್ನು ತರಲು ಬಿಡಬೇಕು. ತಕ್ಕ ಕಾರಣವಿಲ್ಲದೆ ಎದುರು ಸಾಕ್ಷಿಗಳ ಪಾಟೀಸವಾಲು ತಪ್ಪಿಸಬಾರದು. ರದ್ದು ಮಾಡಿದರೆ ಕಾರಣ ಬರೆಯಬೇಕು. ಈ ವಿಚಾರಣೆಗೆ ಜ್ಯೂರಿ ಇರುವುದಿಲ್ಲ. ಸಾಕ್ಷ್ಯದ ನಿಯಮಗಳೂ ಸಡಿಲ, ಬೇರೆಯವರು ಹೇಳಿದ್ದನ್ನು ಕೇಳಿದೆ ಎನ್ನುವ ಮಾತನ್ನೂ ಕೆಲವೊಮ್ಮೆ ತೆಗೆದುಕೊಳ್ಳುತ್ತಾರೆ.

ಮೊದಲು ಜ್ಯೂರಿ ಮುಂದೆ ನಡೆದ ವಿಚಾರಣೆಯ ಪೂರ್ತಿ ದಾಖಲೆ ತರಿಸಿಕೊಳ್ಳಿ. ಜ್ಯೂರಿಗೆ ಯಾವ ಸಾಕ್ಷಿಯ ಮಾತಿನ ಮೇಲೆ ನಂಬಿಕೆ ಬರಲಿಲ್ಲ ಎಂಬ ಸುಳಿವು ಅದರಲ್ಲೇ ಸಿಗಬಹುದು. ಅರ್ಜಿಯಲ್ಲಿ ಹಲ್ಲೆ ಒಂದೇ ಇದೆಯೋ, ಅಧಿಕಾರಿಗೆ ವರದಿ ಮಾಡದಿರುವುದು, ಕುಡಿತ ಇಂಥವೂ ಸೇರಿವೆಯೋ ನೋಡಿ. ಎಷ್ಟೋ ಸಲ ಹಲ್ಲೆ ಆರೋಪ ಸಾಬೀತಾಗದಿದ್ದರೂ ಇಂಥ ಸಣ್ಣ ಷರತ್ತು ಹಿಡಿದೇ ರದ್ದು ಮಾಡುತ್ತಾರೆ. ಷರತ್ತು ಮುರಿದದ್ದು ಸಾಬೀತಾದರೂ ಸಾಮಾನ್ಯವಾಗಿ ಜೈಲೇ ಆಗಬೇಕೆಂದಿಲ್ಲ. ಅವಧಿ ಹೆಚ್ಚಿಸಬಹುದು, ಷರತ್ತು ಬಿಗಿ ಮಾಡಬಹುದು. ಕೆಲಸ, ಮನೆ, ಚಿಕಿತ್ಸೆಯ ಕಾಗದಗಳನ್ನು ವಕೀಲರ ಕೈಗೆ ಈಗಲೇ ಕೊಡಿ. ತಮ್ಮ ಅಲ್ಲಿನ ಪೌರನಲ್ಲದಿದ್ದರೆ ವಲಸೆ ಕಾನೂನಿನ ವಕೀಲರನ್ನೂ ಬೇರೆಯಾಗಿ ಕೇಳಿ. ಆರೋಪ ಒಪ್ಪಿಕೊಂಡು ರಾಜಿಯಾಗುವ ಮಾತು ಬಂದರಂತೂ, ಅವರನ್ನು ಕೇಳದೆ ಸಹಿ ಹಾಕುವುದು ಬೇಡ.